ಸಣ್ಣ ಸಿರಿಂಜ್ ಒತ್ತಿದರೆ ದೊಡ್ಡದು ಯಾಕೆ ಏಳುತ್ತದೆ?

ಮೇಡಂ, ದ್ರವದ ಒತ್ತಡದಿಂದ ಭಾರ ಎತ್ತುವ ಹೈಡ್ರಾಲಿಕ್ ಲಿಫ್ಟಿನಲ್ಲಿ ಸ್ವಲ್ಪ ಒತ್ತಿದರೂ ಸಿಗುವ ಆ ಜಾಸ್ತಿ ಬಲ ಎಲ್ಲಿಂದ ಬಂತು ಅಂತ ಮಕ್ಕಳು ಕೇಳಿದರೆ ಏನು ಹೇಳಲಿ ಎಂದಿದ್ದೀರಿ. ಪಾಸ್ಕಲ್ ನಿಯಮ (ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಅನ್ನೋದು) ಆಮೇಲೆ ಬರೆಸಿ, ಮೊದಲು ಕೈಗೆ ಸಿರಿಂಜ್ ಕೊಡಿ.

ಮಂಡ್ಯದ ಯಾವುದಾದರೂ ಮೆಡಿಕಲ್ ಶಾಪಿನಲ್ಲಿ 2 ಮತ್ತು 20 ಎಂಎಲ್ ಸಿರಿಂಜ್ ತನ್ನಿ. ಸೂಜಿ ಬೇಡ. ಡ್ರಿಪ್ ಪೈಪಿನ ತುಂಡಿನಿಂದ ಜೋಡಿಸಿ ನೀರು ತುಂಬಿಸಿ. ಗಾಳಿಗುಳ್ಳೆ ಇರಬಾರದು. ನಾನು ಮೊದಲ ಸಲ ಸುಮ್ನೆ ಬಿಟ್ಟು ಪೆಚ್ಚಾದೆ: ಗಾಳಿ ಕುಗ್ಗಿತೇ ಹೊರತು ದೊಡ್ಡ ಸಿರಿಂಜಿನ ಮೇಲಿಟ್ಟ ಪುಸ್ತಕ ಕದಲಲಿಲ್ಲ.

ಈಗ ಪೈಲ್ವಾನ್ ಥರದ ಹುಡುಗನಿಗೆ ದೊಡ್ಡದನ್ನು, ಸಣಕಲನಿಗೆ ಚಿಕ್ಕದನ್ನು ಕೊಟ್ಟು ಒತ್ತಲು ಹೇಳಿ. ಸಾಮಾನ್ಯವಾಗಿ ಸಣಕಲನೇ ಗೆಲ್ಲುತ್ತಾನೆ! (ಪೈಪ್ ಕಿತ್ತು ನೀರು ಚಿಮ್ಮೋದೂ ಉಂಟು.)

ಒತ್ತಡ ಎರಡೂ ಕಡೆ ಒಂದೇ. ಅಡ್ಡಗಲ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟು, ಬಲವೂ ನಾಲ್ಕರಷ್ಟು. ಆದರೆ ಪುಕ್ಕಟೆ ಅಲ್ಲ. ಅಂಥ ಜೋಡಿಯಲ್ಲಿ ಚಿಕ್ಕದನ್ನು 4 ಸೆಂ.ಮೀ. ತಳ್ಳಿದರೆ ದೊಡ್ಡದು ಏಳೋದು 1 ಸೆಂ.ಮೀ. ಮಾತ್ರ. ಸ್ಕೇಲ್ ಇಟ್ಟು ಮಕ್ಕಳಿಂದಲೇ ಅಳೆಸಿ. ಕಬ್ಬಿನ ಟ್ರ್ಯಾಕ್ಟರ್ ಪಂಚರ್ ಆದಾಗ ಜ್ಯಾಕಿನ ಹಿಡಿಯನ್ನು ಅಷ್ಟು ಸಲ ಒತ್ತಿದರೂ ಗಾಡಿ ಇಷ್ಟಿಷ್ಟೇ ಏಳುತ್ತೆ ಅಲ್ವಾ, ಅದೂ ಇದೇ ಲೆಕ್ಕ.