ಓದುಗರ ಪ್ರಶ್ನೆ: ಧಗೆಗೆ ಕುಸಿದರೆ ಮೊದಲು ಮೈ ತಣಿಸಿ, ಆಮೇಲೆ ವಾಹನ

ಪ್ರಶ್ನೆ: ವರ್ಷದಿಂದ ವರ್ಷಕ್ಕೆ ಧಗೆ ಏರುತ್ತಿದೆ. ನಮ್ಮ ಬಡಾವಣೆಯ ಒಂಟಿ ವೃದ್ಧರಿಗೆ ಮಧ್ಯಾಹ್ನ ಹೊರಗೆ ಬರಬೇಡಿ, ಫ್ಯಾನ್ ಹಾಕಿಕೊಂಡಿರಿ ಎಂದು ಹೇಳಿದ್ದೇವೆ. ಅಷ್ಟು ಸಾಕೆ?

ಉತ್ತರ: ಸಾಲದು. ಹಗಲಿಡೀ ಕಾದ ತಾರಸಿ ರಾತ್ರಿಯೆಲ್ಲ ಆ ಕಾವನ್ನು ಮನೆಯೊಳಗೆ ಬಿಡುತ್ತದೆ. ಬಿಸಿಲಿಗೇ ಹೋಗದವರು ಹಾಸಿಗೆಯಲ್ಲಿ ಕುಸಿಯುವುದು ಹೀಗೆ. ಕೋಣೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಫ್ಯಾನ್ ಬಿಸಿಗಾಳಿಯನ್ನೇ ಮೈಗೆ ತಳ್ಳುತ್ತದೆ. ಅಷ್ಟು ಕಾವಿಲ್ಲದಾಗ ಕೈಕಾಲು, ಕುತ್ತಿಗೆಯನ್ನು ಒದ್ದೆ ಮಾಡಿಕೊಂಡು ಫ್ಯಾನ್ ಕೆಳಗೆ ಕೂತರೆ ನೀರು ಆರುತ್ತಾ ಮೈಯ ಬಿಸಿಯನ್ನೂ ಒಯ್ಯುತ್ತದೆ.

ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರ ಮೈಯಲ್ಲಿ ನೀರು ಇನ್ನೂ ಬೇಗ ಕಡಿಮೆಯಾಗುತ್ತದೆ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಬೇಸಿಗೆಗೆ ಮೊದಲೇ ವೈದ್ಯರನ್ನು ಕೇಳಲಿ. ಹೃದಯ, ಮೂತ್ರಪಿಂಡದ ತೊಂದರೆಯಿರುವವರು ಎಷ್ಟು ನೀರು ಕುಡಿಯಬೇಕೆಂಬುದನ್ನೂ ವೈದ್ಯರೇ ಹೇಳಬೇಕು.

ದಿನಕ್ಕೆ ಎರಡು ಸಲ ಬಾಗಿಲು ತಟ್ಟಿ, ಅದರಲ್ಲಿ ಒಂದು ಸಲ ಸಂಜೆ. ಫೋನಿನಲ್ಲಿ ಎಲ್ಲರೂ ‘ಚೆನ್ನಾಗಿದ್ದೀನಿ’ ಎನ್ನುವವರೇ! ಎದುರು ಕೂತು ಇವತ್ತು ಯಾವ ವಾರ ಎಂದು ಕೇಳಿ. ಎಂದೂ ತಡವರಿಸದವರು ತಡವರಿಸಿದರೆ, ಮಾತು ತೊದಲಿದರೆ ಅದನ್ನು ಬರೀ ಸುಸ್ತು ಎಂದುಕೊಳ್ಳಬೇಡಿ.

ಪ್ರಶ್ನೆ: ಧಗೆಗೆ ಕುಸಿದವರಿಗೆ ಜ್ವರದ ಮಾತ್ರೆ ಕೊಡಬಹುದೆ?

ಉತ್ತರ: ಬೇಡ. ಜ್ವರದಲ್ಲಿ ಮೈಯ ಬಿಸಿಯನ್ನು ಏರಿಸುವುದು ಮೆದುಳೇ, ಪ್ಯಾರಾಸಿಟಮಾಲ್ ತಡೆಯುವುದು ಅದನ್ನು. ಇಲ್ಲಿ ಕಾವು ಹೊರಹೋಗದೆ ಒಳಗೇ ಸೇರಿಕೊಂಡಿದೆ, ಮಾತ್ರೆಗೆ ಕೆಲಸವೇ ಇಲ್ಲ.

ಮೈ ಸುಡುತ್ತಾ ಗಲಿಬಿಲಿ, ಫಿಟ್ಸ್ ಅಥವಾ ಪ್ರಜ್ಞೆ ತಪ್ಪುವುದು ಕಂಡರೆ ಹೀಟ್ ಸ್ಟ್ರೋಕ್ ಎಂದೇ ತಿಳಿಯಿರಿ. ಒಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡುವಾಗಲೇ ಉಳಿದವರು ನೆರಳಿಗೆ ಒಯ್ದು, ಮೇಲಿನ ಬಟ್ಟೆ ತೆಗೆದು, ನೀರು ಸುರಿಯುತ್ತಾ ಜೋರಾಗಿ ಗಾಳಿ ಬೀಸಿ. ದುಡಿಯುತ್ತಾ ಕುಸಿದ ಗಟ್ಟಿಗರನ್ನು ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಕೂರಿಸಿ, ತಲೆ ಹಿಡಿದುಕೊಂಡಿರುವುದು ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಮೊದಲ 30 ನಿಮಿಷದಲ್ಲೇ ಮೈ ತಣಿಯಬೇಕು. ಬೆವರುತ್ತಿದ್ದಾರಲ್ಲ ಎಂದು ನಿರಾಳರಾಗಬೇಡಿ, ದುಡಿಮೆಯಲ್ಲಿ ಕುಸಿದವರ ಮೈ ಬೆವರಿನಿಂದ ತೊಯ್ದೇ ಇರಬಹುದು. ಎಚ್ಚರವಿಲ್ಲದವರ ಬಾಯಿಗೆ ಹನಿ ನೀರೂ ಹಾಕಬೇಡಿ.

ಪ್ರಶ್ನೆ: ಬಿಸಿಲಿನ ಕೆಲಸಕ್ಕೆ ಹೊಸಬರು ಬಂದಿದ್ದಾರೆ. ಹೇಗೆ ಒಗ್ಗಿಸುವುದು?

ಉತ್ತರ: ಮೊದಲ ದಿನ ಬಿಸಿಲಲ್ಲಿ ಪೂರ್ತಿ ಕೆಲಸದ 20 ಶೇಕಡಾ ಮಾತ್ರ, ಆಮೇಲೆ ದಿನಕ್ಕೆ 20 ಶೇಕಡಾ ಏರಿಸಿ. 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 250 ಮಿಲಿಲೀಟರ್ ನೀರು ಕುಡಿಯಲಿ. ಗಂಟೆಗೆ ಒಂದೂವರೆ ಲೀಟರ್ ಮೀರಿದರೆ ರಕ್ತದ ಸೋಡಿಯಂ ಇಳಿಯುವ ಅಪಾಯವುಂಟು. ವಾರಗಟ್ಟಲೆ ರಜೆ ಹಾಕಿ ಮರಳಿದ ಹಳಬರ ಮೈಗೂ ಆ ಒಗ್ಗಿಕೆ ಕಳೆದಿರುತ್ತದೆ, ಅವರನ್ನು ಅರ್ಧ ಕೆಲಸದಿಂದ ಶುರು ಮಾಡಿಸಿ.