ಕೀರ್ತನೆಯನ್ನು ಸಿನಿಮಾ ಹಾಡು ಎಂದ ರಾತ್ರಿ

ಪ್ರಿಯ ಸಹೋದರಿ,

ಹೆಸರು, ಊರು ಹಾಕಬೇಡಿ ಎಂದಿದ್ದೀರಿ. ಹಾಕುವುದಿಲ್ಲ. ಆದರೆ ನೀವು ಬರೆದದ್ದು ಏನೆಂದು ಉಳಿದ ಓದುಗರಿಗೂ ಗೊತ್ತಾಗಬೇಕಲ್ಲ, ಅಷ್ಟನ್ನು ಹೇಳಿಬಿಡುತ್ತೇನೆ. ನೀವು ನರ್ಸ್. ಒಂದು ರಾತ್ರಿ ವಾರ್ಡಿನಲ್ಲಿ ಡ್ರಿಪ್ ಬಾಟಲಿ ಬದಲಿಸುತ್ತಾ ಚರ್ಚಿನ ಕೀರ್ತನೆಯೊಂದನ್ನು ಗುನುಗುತ್ತಿದ್ದಿರಿ. ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗಿದ್ದ ರೋಗಿಯ ತಾಯಿ ಎದ್ದು ಕೂತು, "ಚೆಂದೈತಲ್ಲವ್ವಾ ಹಾಡು, ಯಾವ್ದು?" ಎಂದು ಕೇಳಿದರು. ನೀವು "ಯಾವುದೋ ಹಳೇ ಸಿನಿಮಾದ್ದು" ಎಂದುಬಿಟ್ಟಿರಿ. ಅದೇ ಭಾನುವಾರ ಚರ್ಚಿನಲ್ಲಿ ಪಾಸ್ಟರ್, ಯೇಸು ಸೆರೆಯಾದ ರಾತ್ರಿ ಕೋಳಿ ಕೂಗುವ ಮುಂಚೆ ಮೂರು ಸಲ 'ಅವನನ್ನು ನಾನರಿಯೆ' ಎಂದ ಶಿಷ್ಯ ಪೇತ್ರನ ಕಥೆ ತೆಗೆದುಕೊಂಡರು. ಕೋಳಿ ಕೂಗಿದ ಜಾಗ ಬಂದಾಗ ನಿಮಗೆ ತಲೆ ಎತ್ತಲು ಆಗಲಿಲ್ಲ. ಚರ್ಚಿನ ಯೂತ್ ಫೆಲೋಶಿಪ್‌ನವರ ಜೊತೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಸುವಾರ್ತೆಯ, ಅಂದರೆ ಯೇಸುವಿನ ಸಂದೇಶದ, ಕರಪತ್ರ ಹಂಚಿದರೆ ಈ ತಪ್ಪು ತೀರುತ್ತದಾ? ಹಂಚಿದರೆ ಕೇಸ್ ಏನಾದರೂ ಆಗುತ್ತದಾ? ಇವು ನಿಮ್ಮ ಪ್ರಶ್ನೆಗಳು.

ನೀನೂ ಯೇಸುವಿನ ಜೊತೆಗಿದ್ದವನಲ್ಲವಾ ಎಂದು ಪೇತ್ರನನ್ನು ಮೊದಲು ಕೇಳಿದ್ದು ಸೈನಿಕನೂ ಅಲ್ಲ, ಅಧಿಕಾರಿಯೂ ಅಲ್ಲ. ಮನೆಗೆಲಸದ ಒಬ್ಬ ಹುಡುಗಿ. ಅವನು ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿದ್ದ. ಅಂಥ ಸುಮ್ನೆ ಕೇಳಿದ ಪ್ರಶ್ನೆಯೇ ನಮ್ಮನ್ನು ಬೀಳಿಸುತ್ತದೆ ನೋಡಿ. ಕೋರ್ಟಿನಲ್ಲಿ ನಿಲ್ಲಿಸಿದ್ದರೆ ನೀವೂ ಧೈರ್ಯವಾಗಿ ಹೇಳುತ್ತಿದ್ದಿರೇನೋ. ನಡುರಾತ್ರಿ, ಅರ್ಧ ನಿದ್ದೆಯಲ್ಲಿ ಬಂದ ಪ್ರಶ್ನೆಗೆ ಯಾರು ತಯಾರಾಗಿರುತ್ತಾರೆ? ಅದೇ ಪೇತ್ರ ಸ್ವಲ್ಪ ಕಾಲದ ಮೇಲೆ ಯೆರೂಸಲೇಮಿನ ಹಿರೀಸಭೆಯ, ಅಂದರೆ ಯೆಹೂದ್ಯರ ನ್ಯಾಯಸಭೆಯ, ಮುಂದೆ ನಿಂತು ಮಾತಾಡಿದ. ಇವರು ಓದಿದವರಲ್ಲ, ಸಾಮಾನ್ಯ ಜನ, ಆದರೂ ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಸಭೆಯವರು ಬೆರಗಾದರು ಎಂದು ಬೈಬಲಿನ ಅಪೊಸ್ತಲರ ಕೃತ್ಯಗಳ 4ನೇ ಅಧ್ಯಾಯದಲ್ಲಿದೆ.

ಅಲ್ಲಿ ಧೈರ್ಯ ಎನ್ನುವುದಕ್ಕೆ ಗ್ರೀಕಿನಲ್ಲಿರುವ ಪದ ಪರ್ರೇಸಿಯ. ಹಳೆಯ ಅಥೆನ್ಸ್ ನಗರದ ಪ್ರಜೆಗಳು ತಮಗೆ ಅನಿಸಿದ್ದನ್ನು ಊರ ಮುಂದೆ ಮುಚ್ಚುಮರೆ ಇಲ್ಲದೆ ಹೇಳುವುದಕ್ಕೆ ಬಳಸುತ್ತಿದ್ದ ಮಾತು ಅದು. ಹೆದರಿಕೆ ಇರಬಾರದು ಎಂದು ಅದರರ್ಥವಲ್ಲ. ಎದೆ ಢವಢವ ಅನ್ನುತ್ತಿದ್ದರೂ ಬಚ್ಚಿಡದೆ ಹೇಳಿದರೆ ಅದು ಪರ್ರೇಸಿಯವೇ. ಊರೂರಿಗೆ ಸುವಾರ್ತೆ ಸಾರಿದ ಪೌಲನೂ ಸೆರೆಯಲ್ಲಿ ಕೂತು ಎಫೆಸ ಪಟ್ಟಣದ ಸಭೆಯವರಿಗೆ ಬರೆಯುವಾಗ, ನನಗೆ ಧೈರ್ಯ ಸಿಗಲಿ ಎಂದು ಪ್ರಾರ್ಥಿಸಿ ಎಂದು ಕೇಳಿಕೊಂಡಿದ್ದಾನೆ. ಇದ್ದಿದ್ದರೆ ಯಾಕೆ ಕೇಳುತ್ತಿದ್ದ? ನೀವು ಹೆದರಿದ್ದು ನನಗೆ ದೊಡ್ಡದಾಗಿ ಕಾಣುವುದಿಲ್ಲ. ಬಚ್ಚಿಟ್ಟಿರಲ್ಲ, ಅದಕ್ಕೇ ನಿಮ್ಮ ಮನಸ್ಸು ಚುಚ್ಚುತ್ತಿದೆ.

ಇನ್ನು ಬಸ್ ಸ್ಟ್ಯಾಂಡ್. ನನಗಾಗ ಇಪ್ಪತ್ತು ವರ್ಷ. ಒಂದು ಜಾತ್ರೆಯಲ್ಲಿ ಬ್ಯಾಗಿನ ತುಂಬಾ ಕರಪತ್ರ ಇಟ್ಟುಕೊಂಡು ಹಂಚುತ್ತಿದ್ದೆ. ಹಂಚುವುದು ಎಂದರೆ, ಎದುರಿಗೆ ಬಂದವರ ಕೈಗೆ ತುರುಕಿ ಮುಂದಿನವರನ್ನು ನೋಡುವುದು. ಕಡಲೆಕಾಯಿ ಮಾರುವ ಒಬ್ಬ ಮುದುಕರು ಒಂದು ಕಟ್ಟನ್ನೇ ಕೇಳಿ ತೆಗೆದುಕೊಂಡರು. ಎಂಥ ಹಸಿವು ಈ ಮನುಷ್ಯನಿಗೆ ಎಂದು ನಾನು ಉಬ್ಬಿಹೋದೆ. ಒಂದು ಸುತ್ತು ಹಾಕಿ ಬಂದರೆ ನನ್ನ ಕರಪತ್ರಗಳೆಲ್ಲ ಪೊಟ್ಟಣಗಳಾಗಿ ಸಾಲಾಗಿ ನಿಂತಿದ್ದವು, ಒಂದೊಂದರಲ್ಲೂ ಹುರಿದ ಕಡಲೆಕಾಯಿ! ನಾನು ಮುಖ ಗಂಟಿಕ್ಕಿದೆ. ಅವರು ಮಾತ್ರ ಒಂದು ಪೊಟ್ಟಣ ಬಿಚ್ಚಿ ಕೂತಿದ್ದರು. ಬೆರಳಿಟ್ಟು ತೋರಿಸಿ, "ಇಲ್ಲಿ ರಕ್ಷಣೆ ಅಂತ ಬರ್ದೀರಲ್ಲ, ಯಾತರಿಂದ ರಕ್ಷಣೆ ತಮ್ಮಾ?" ಎಂದರು. ಕಂಠಪಾಠ ಮಾಡಿದ್ದ ಮೂರು ಬೈಬಲ್ ವಚನಗಳನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಪೂರ್ತಿ ಕೇಳಿದರು. "ಅದು ಪುಸ್ತಕದ್ದು. ನಿನಗೇನಾತು ಹೇಳು" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾವಿರ ಜನರಿಗೆ ಕಾಗದ ಕೊಟ್ಟಿದ್ದೆ. ಪ್ರಶ್ನೆ ಕೇಳಿದ್ದು ಅವರೊಬ್ಬರೇ.

ಹಾಗಂತ ಕರಪತ್ರ ಹಂಚುವವರನ್ನು ನಾನು ಹಳಿಯುತ್ತಿಲ್ಲ. ಮನಸ್ಸಿದ್ದರೆ ಹೋಗಿ. ತಪ್ಪಿಗೆ ದಂಡ ಕಟ್ಟುವ ಹಾಗೆ ಮಾತ್ರ ಹೋಗಬೇಡಿ. ಮುಖ ನೋಡದೆ ಕಾಗದ ಕೊಟ್ಟು ಹೋಗುವುದು ಎಷ್ಟೋ ಸಲ ಸುಲಭದ ಕೆಲಸ. ಗುರುತಿರುವವರ ಮುಂದೆ ಬಾಯಿ ಬಿಡುವುದೇ ಕಷ್ಟ.

ಎದುರಿನವರನ್ನು ಕೇಳಿಸಿಕೊಳ್ಳುವುದಕ್ಕೆ ನಮ್ಮ ಕರಾವಳಿಯ ಹಳೆಯ ಉದಾಹರಣೆ ಒಂದಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದವರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದವರು ಎಂದು ಎಲ್ಲರಿಗೂ ಗೊತ್ತು. ಅದೇ ಮನುಷ್ಯ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನೂ ಹುಡುಕಿ ಅಚ್ಚು ಹಾಕಿಸಿದರು. ಸುವಾರ್ತೆ ಹೇಳಲು ಬಂದವರು ಈ ಜನ ಏನು ಹಾಡುತ್ತಾರೆ ಎಂದು ಕೂತು ಕೇಳಿದರು. ಆ ಕಾಲದ ಮಿಷನರಿಗಳೆಲ್ಲ ಹೀಗೇ ಇದ್ದರು ಎಂದರೆ ಸುಳ್ಳಾಗುತ್ತದೆ. ಬೇರೆಯವರ ಪೂಜೆಯನ್ನು ಹೀಯಾಳಿಸಿದ ಬರಹಗಳೂ ಬಂದಿವೆ, ಅದರ ಕಹಿ ಇನ್ನೂ ಪೂರ್ತಿ ಹೋಗಿಲ್ಲ. ಮೋಗ್ಲಿಂಗ್ ಅವರ ಶಿಷ್ಯ ಆನಂದರಾವ್ ಕೌಂಡಿನ್ಯ, ಸಾರಸ್ವತ ಬ್ರಾಹ್ಮಣರ ಮನೆಯ ಹುಡುಗ, 1844ರಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದಾಗ ಊರೇ ಎದ್ದು ಕೂತಿತು. ಹೆಂಡತಿ ಜೊತೆಗೆ ಬರಲಿಲ್ಲ. ಧೈರ್ಯ ಧೈರ್ಯ ಎಂದು ವೇದಿಕೆಯ ಮೇಲೆ ಕೂಗುವಾಗ ಆ ಮನೆಯಲ್ಲಿ ಎರಡೂ ಕಡೆಯವರು ಅತ್ತಿದ್ದು ನಮಗೆ ನೆನಪಾಗುವುದೇ ಇಲ್ಲ.

ಕಾನೂನಿನ ಬಗ್ಗೆ ಕೇಳಿದಿರಿ. ಸಂವಿಧಾನದ 25ನೇ ವಿಧಿ ನಮ್ಮ ಧರ್ಮವನ್ನು ಪಾಲಿಸುವ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಆದರೆ ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ನಮ್ಮ ರಾಜ್ಯದ 2022ರ ಕಾಯ್ದೆ ಬಲವಂತ, ಮೋಸ, ಆಮಿಷದ ಮತಾಂತರವನ್ನು ಅಪರಾಧ ಎಂದಿತು. ಮರುವರ್ಷ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಕಾಯ್ದೆ ಇರಲಿ, ಹೋಗಲಿ, ಆಮಿಷ ತೋರಿಸಿ ತಂದ ನಂಬಿಕೆ ಇಟ್ಟುಕೊಂಡು ನಾವೇನು ಮಾಡೋಣ?

ನಿಮ್ಮ ಕೆಲಸದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಬಸ್ ಸ್ಟ್ಯಾಂಡಿನಲ್ಲಿ ಬೇಡ ಎಂದವರು ನಡೆದು ಹೋಗುತ್ತಾರೆ. ಡ್ರಿಪ್ ಹಾಕಿಸಿಕೊಂಡವರು ಎದ್ದು ಹೋಗಲು ಆಗುವುದಿಲ್ಲ. ಸೂಜಿ ನಿಮ್ಮ ಕೈಯಲ್ಲಿದೆ, ಅವರು ಎಲ್ಲದಕ್ಕೂ ಹೂಂ ಅಂತಾರೆ. ಅದಕ್ಕೇ ಅಲ್ಲಿ ನೀವಾಗಿ ಶುರು ಮಾಡಬೇಡಿ. ಪೇತ್ರ ತನ್ನ ಪತ್ರದಲ್ಲಿ, ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಅದನ್ನೂ ಸೌಮ್ಯವಾಗಿ ಹೇಳಿ ಎನ್ನುತ್ತಾನೆ. ಬೆಂಕಿಯ ಹತ್ತಿರ ಉತ್ತರ ತಪ್ಪಿದವನೇ ಬರೆದದ್ದು ಅಲ್ವಾ, ಅದಕ್ಕೇ ನನಗೆ ಆ ಮಾತಿನ ಮೇಲೆ ನಂಬಿಕೆ ಜಾಸ್ತಿ.

ಆ ತಾಯಿ, ಮಗ ಇನ್ನೂ ವಾರ್ಡಿನಲ್ಲೇ ಇದ್ದಾರೆ ಎಂದು ಬರೆದಿದ್ದೀರಿ. ಮುಂದಿನ ನೈಟ್ ಡ್ಯೂಟಿಯಲ್ಲಿ, "ಅಮ್ಮಾ, ಆವತ್ತು ಸಿನಿಮಾ ಹಾಡು ಅಂದೆನಲ್ಲ, ಅದು ನಮ್ಮ ಚರ್ಚಿನಲ್ಲಿ ಹಾಡೋದು" ಎಂದಷ್ಟೇ ಹೇಳಿ. ಮುಂದೆ ಕೇಳಿದರೆ ಹಾಡಿನ ಅರ್ಥ ಹೇಳಿ. ಕೇಳದಿದ್ದರೆ ಫ್ಲಾಸ್ಕಿಗೆ ಬಿಸಿನೀರು ಬೇಕಾ ಎಂದು ನೀವೇ ಕೇಳಿ.

ನಿಮ್ಮ,
ಸಂಪಾದಕ