ಓದುಗರ ಪ್ರಶ್ನೆ, ನಮ್ಮ ಉತ್ತರ: ಪ್ರೊಜೆಕ್ಟರ್ ಬಂದ ಮೇಲಿನ ಪಾಠಯೋಜನೆ

ಪ್ರಶ್ನೆ: ನಮ್ಮ ಶಾಲೆಗೆ ದಾನಿಗಳಿಂದ ಒಂದು ಪ್ರೊಜೆಕ್ಟರ್, ಎರಡು ಲ್ಯಾಪ್‌ಟಾಪ್ ಬಂದಿವೆ. ಏಳನೇ ತರಗತಿಯ ಗಣಿತಕ್ಕೆ ಅವನ್ನು ಬಳಸುತ್ತೇನೆ. ಪಾಠಯೋಜನೆಯ ಕಲಿಕೋಪಕರಣದ ಕಾಲಂನಲ್ಲಿ ‘ವಿಡಿಯೊ, ಪಿಪಿಟಿ’ ಎಂದು ಬರೆಯುತ್ತೇನೆ. ಭೇಟಿಗೆ ಬಂದ ಅಧಿಕಾರಿಯೊಬ್ಬರು ‘ಇದು ಯಾವ ಕಲಿಕಾ ಫಲಕ್ಕೆ?’ ಎಂದು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಇವೆರಡನ್ನು ಜೋಡಿಸುವುದು ಹೇಗೆ?
— ಗಣಿತ ಶಿಕ್ಷಕಿ, ನಾಪೋಕ್ಲು

ಉತ್ತರ: ಅಧಿಕಾರಿ ಕೇಳಿದ್ದು ಸರಿಯಾದ ಪ್ರಶ್ನೆ, ಪಾಠ ಮುಗಿದ ಮೇಲೆ ಕೇಳಿದ್ದರಿಂದ ತಮಗೆ ತೊಡಕಾಯಿತು, ಅಷ್ಟೆ. ಪಾಠಯೋಜನೆ ಬರೆಯಲು ಕುಳಿತಾಗಲೇ ಅದನ್ನು ತಾವೇ ಕೇಳಿಕೊಂಡರೆ ಅರ್ಧದಷ್ಟು ವಿಡಿಯೊಗಳು ತಾವಾಗಿಯೇ ಉದುರಿಹೋಗುತ್ತವೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು (ಎನ್‌ಸಿಇಆರ್‌ಟಿ) 2017ರಲ್ಲಿ ಪ್ರಾಥಮಿಕ ಹಂತದ ಕಲಿಕಾ ಫಲಗಳನ್ನು ತರಗತಿವಾರು ಪ್ರಕಟಿಸಿತು. ಶಾಲಾ ಶಿಕ್ಷಣಕ್ಕಾಗಿ 2023ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೊದಲು ಪಠ್ಯಕ್ರಮದ ಗುರಿಯನ್ನು, ಅದರಡಿ ಸಾಮರ್ಥ್ಯಗಳನ್ನು, ಅವುಗಳಿಂದ ಕಲಿಕಾ ಫಲಗಳನ್ನು ಇಳಿಸಿಕೊಳ್ಳುವ ಕ್ರಮವನ್ನು ಅನುಸರಿಸುತ್ತದೆ. ಎರಡರಲ್ಲೂ ಫಲವೆಂದರೆ ಮಗು ಏನು ಮಾಡಬಲ್ಲದು ಎಂದು ಹೇಳುವ ವಾಕ್ಯ: ಹೋಲಿಸುತ್ತದೆ, ವಿವರಿಸುತ್ತದೆ, ಲೆಕ್ಕ ಮಾಡುತ್ತದೆ. ‘ವಿಡಿಯೊ ನೋಡುತ್ತದೆ’ ಎಂಬ ಫಲ ಎಲ್ಲಿಯೂ ಇಲ್ಲ.

ತಮ್ಮ ಏಳನೇ ತರಗತಿಯ ‘ದತ್ತಾಂಶಗಳ ನಿರ್ವಹಣೆ’ಯನ್ನೇ ತೆಗೆದುಕೊಳ್ಳೋಣ. ನಾಪೋಕ್ಲಿನ ಮಕ್ಕಳಿಗೆ ಮಳೆಗಿಂತ ಹತ್ತಿರದ ದತ್ತಾಂಶ ಬೇರೆ ಯಾವುದಿದೆ? ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿ ಮಳೆಮಾಪಕವಿಟ್ಟು ಪ್ರತಿದಿನದ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಬರೆದಿಡುವ ರೂಢಿ ಹಳೆಯದು. ನೂರು ಸೆಂಟಿಗೆ ಒಂದು ಇಂಚು. ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿ ಜುಲೈ ತಿಂಗಳ ಒಂದು ವಾರದ ಲೆಕ್ಕವನ್ನು ಮಕ್ಕಳು ಬರೆದು ತರಲಿ. ಒಂದು ಇಂಚೆಂದರೆ 25.4 ಮಿಲಿಮೀಟರ್, ಪರಿವರ್ತನೆಯನ್ನು ಪುಸ್ತಕದಲ್ಲಿ, ಕೈಯಿಂದಲೇ ಮಾಡಲಿ. ಮೊದಲ ಸ್ತಂಭಾಲೇಖವೂ (ಬಾರ್ ಗ್ರಾಫ್) ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲೇ ಆಗಲಿ. ಇಲ್ಲಿಯವರೆಗೆ ಪ್ರೊಜೆಕ್ಟರಿಗೆ ಕೆಲಸವಿಲ್ಲ.

ಅದರ ಕೆಲಸ ಬರುವುದು ‘ಆಲೇಖವನ್ನು ಓದಿ ತೀರ್ಮಾನಕ್ಕೆ ಬರುವುದು’ ಎಂಬ ಫಲದ ಹೊತ್ತಿಗೆ. ವಾರದ ಮಳೆ ದಿನಕ್ಕೆ 60ರಿಂದ 75 ಮಿಲಿಮೀಟರಿನ ನಡುವೆ ಇದೆ ಎಂದುಕೊಳ್ಳಿ. ಲಿಬ್ರೆ ಆಫೀಸಿನ ಸ್ಪ್ರೆಡ್‌ಶೀಟಿನಲ್ಲಿ ಲಂಬ ಅಕ್ಷವನ್ನು ಸೊನ್ನೆಯಿಂದ ಆರಂಭಿಸಿದರೆ ಏಳು ಕಂಬಗಳೂ ಹೆಚ್ಚು ಕಡಿಮೆ ಸಮನಾಗಿ ನಿಲ್ಲುತ್ತವೆ. ಅದೇ ಅಕ್ಷವನ್ನು 55ರಿಂದ ಆರಂಭಿಸಿದ ಕೂಡಲೇ 75ರ ಕಂಬ 60ರ ಕಂಬದ ನಾಲ್ಕರಷ್ಟು ಎತ್ತರವಾಗುತ್ತದೆ. ಮಳೆ ಬದಲಾಗಲಿಲ್ಲ, ಚಿತ್ರ ಬದಲಾಯಿತು. ಯಾವ ಚಿತ್ರವನ್ನು ನಂಬಬೇಕು, ಏಕೆ ಎಂದು ಕೇಳಿ, ಸುಮ್ಮನೆ ನಿಂತುಬಿಡಿ. ಈ ಎರಡು ಆಲೇಖಗಳನ್ನು ಕೈಯಿಂದ ಬರೆಸಲು ಹೊರಟರೆ ಪೀರಿಯಡ್ಡೇ ಮುಗಿದುಹೋಗಿ, ಮಾತನಾಡಬೇಕಾದ ಹೊತ್ತಿಗೆ ಗಂಟೆ ಬಾರಿಸುತ್ತದೆ; ಯಂತ್ರ ಉಳಿಸಿಕೊಡುವುದು ಆ ಸಮಯವನ್ನು. ಆದ್ದರಿಂದ ತಮ್ಮ ಕಾಲಂನಲ್ಲಿ ‘ಪಿಪಿಟಿ’ ಎಂದು ಬರೆಯುವ ಬದಲು ‘ಅಕ್ಷದ ಆರಂಭ ಬದಲಿಸಿ ಎರಡು ಆಲೇಖಗಳ ಹೋಲಿಕೆ, ಹತ್ತು ನಿಮಿಷ’ ಎಂದು ಬರೆಯಿರಿ. ಅಧಿಕಾರಿಯ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲೇ ಇರುತ್ತದೆ.

ಒಂದು ಎಚ್ಚರಿಕೆಯನ್ನು ನನ್ನ ಸ್ವಂತ ಮುಜುಗರದಿಂದ ಹೇಳುತ್ತೇನೆ. ಹಿಂದೊಮ್ಮೆ ಇದೇ ಪಾಠ ಮಾಡುವಾಗ ಒಬ್ಬ ಹುಡುಗ ‘3 ಇಂಚು 5 ಸೆಂಟು’ ಎಂಬುದನ್ನು 3.5 ಎಂದು ತುಂಬಿಸಿದ. ಸ್ಪ್ರೆಡ್‌ಶೀಟ್ ಒಂದಿಷ್ಟೂ ಅನುಮಾನಪಡದೆ ಅದನ್ನು 88.9 ಮಿಲಿಮೀಟರ್ ಮಾಡಿ ಚೆಂದದ ಕಂಬವನ್ನೂ ಎಬ್ಬಿಸಿತು. ನಾನೂ ಬಣ್ಣ ನೋಡುತ್ತ ನಿಂತೆ. ಆಗಬೇಕಾಗಿದ್ದದ್ದು 3.05, ಅಂದರೆ 77.47 ಮಿಲಿಮೀಟರ್. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ‘ಸಾರ್, ಐದು ಸೆಂಟು ಅರ್ಧ ಇಂಚಾಗುತ್ತದಾ?’ ಎಂದು ಕೇಳಿದ ಮೇಲೆಯೇ ನನಗೆ ಹೊಳೆದದ್ದು. ದಶಮಾಂಶ ಸ್ಥಾನಬೆಲೆಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಮತ್ತೆ ಸಿಗಲಿಲ್ಲ.

ಪ್ರಶ್ನೆ: ನನ್ನ ಸೇವಾವಧಿಯಲ್ಲಿ ರೇಡಿಯೊ ಪಾಠ ಬಂತು, ಟಿ.ವಿ. ಬಂತು, ಕಂಪ್ಯೂಟರ್ ಕೋಣೆ ಬಂತು. ಎಲ್ಲವೂ ಕೊನೆಗೆ ಬೀರು ಸೇರಿದವು. ಈಗಿನದು ಮಾತ್ರ ಬೇರೆಯಾದೀತೆಂದು ಏಕೆ ನಂಬಬೇಕು?
— ನಿವೃತ್ತ ಮುಖ್ಯೋಪಾಧ್ಯಾಯರು, ಸೋಮವಾರಪೇಟೆ

ಉತ್ತರ: ತಾವು ಸುಲಭವಾಗಿ ನಂಬಬೇಕಾಗಿಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠ ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ನಮ್ಮ ರಾಜ್ಯದ ಉತ್ತರದ ಹಳ್ಳಿಗಳೂ ಇದ್ದವು. ಉಪಗ್ರಹ ಅಮೆರಿಕದ್ದಾಗಿತ್ತು, ವರ್ಷ ಮುಗಿಯಿತು, ಪ್ರಸಾರ ನಿಂತಿತು. 2004ರಲ್ಲಿ ಕೇಂದ್ರ ಸರ್ಕಾರದ ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆ ಬಂದಾಗ ಕಂಪ್ಯೂಟರುಗಳು ಬೇರೆಯೇ ಕೋಣೆಯಲ್ಲಿ ಕುಳಿತವು. ವಿಜ್ಞಾನದ ಮೇಷ್ಟ್ರು ಆ ಕೋಣೆಗೆ ಹೋಗಬೇಕಾದ ಕಾರಣವೇ ಇರಲಿಲ್ಲ. ಯಂತ್ರ ತಿಳಿದವರಿಗೆ ಪಾಠ ಗೊತ್ತಿಲ್ಲ, ಪಾಠ ತಿಳಿದವರಿಗೆ ಯಂತ್ರದ ಬಳಿಗೆ ದಾರಿಯಿಲ್ಲ. ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಮಂಡಿಸಿದ ಚೌಕಟ್ಟು ಹೇಳುವುದೂ ಇದನ್ನೇ: ವಿಷಯಜ್ಞಾನ, ಬೋಧನಾಜ್ಞಾನ, ತಂತ್ರಜ್ಞಾನ ಈ ಮೂರೂ ಒಬ್ಬ ಶಿಕ್ಷಕರ ಕೈಯಲ್ಲಿ ಕೂಡಿದಾಗ ಮಾತ್ರ ಪಾಠವಾಗುತ್ತದೆ. ಈಗ ಇರುವ ವ್ಯತ್ಯಾಸ ಸಣ್ಣದು, ಆದರೆ ಇದೆ. ಯಂತ್ರ ಶಿಕ್ಷಕರ ಜೇಬಿನಲ್ಲೇ ಇದೆ; 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ದೀಕ್ಷಾ’ ಆನ್‌ಲೈನ್ ಕಲಿಕಾ ವೇದಿಕೆಯ ಕ್ಯೂಆರ್ ಕೋಡ್ ಪಠ್ಯಪುಸ್ತಕದ ಅಧ್ಯಾಯದ ಮಗ್ಗುಲಲ್ಲೇ ಅಚ್ಚಾಗಿದೆ. ಅಲ್ಲಿರುವುದೆಲ್ಲ ಉತ್ತಮವೆಂದು ನಾನು ಹೇಳಲಾರೆ; ಕೆಲವು ವಿಡಿಯೊಗಳು ಪಠ್ಯವನ್ನೇ ಗಟ್ಟಿಯಾಗಿ ಓದುತ್ತವೆ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಅಂತೂ ಕೇಳುವುದೇ ಬೇಡ. ಸೆಪ್ಟೆಂಬರಿನಲ್ಲಿ ತೆಗೆದು ನೋಡಿದರೆ ಪ್ರೊಜೆಕ್ಟರಿನ ಚಿತ್ರವೆಲ್ಲ ಮಂಜು ಮಂಜು. ಏನು ಮಾಡಬೇಕು?
— ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರು, ಭಾಗಮಂಡಲ

ಉತ್ತರ: ಲೆನ್ಸಿಗೆ ಬೂಷ್ಟು ಹಿಡಿದಿರಬಹುದು. ಅದನ್ನು ಬಟ್ಟೆಯಲ್ಲಿ ಉಜ್ಜದೆ ರಿಪೇರಿಯವರಿಗೇ ಕೊಡಿ. ಮುಂದಿನ ಜೂನಿನಿಂದ ಸಿಮೆಂಟ್ ಗೋಡೆಗೆ ತಾಗಿದ ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ. ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಿ, ಕರೆಂಟ್ ಇದ್ದ ದಿನ ಹೊರತೆಗೆದು ಅರ್ಧ ಗಂಟೆ ಉರಿಸಿ. ಬಳಸುವ ಯಂತ್ರ ಬೆಚ್ಚಗಿರುತ್ತದೆ, ಬೀಗದೊಳಗಿನ ಯಂತ್ರವೇ ಮೊದಲು ಕೆಡುವುದು. ಕಂಪ್ಯೂಟರಿನ ಸಣ್ಣ ಯುಪಿಎಸ್ ಬ್ಯಾಟರಿಗೆ ಪ್ರೊಜೆಕ್ಟರ್ ಜೋಡಿಸಿ ಪಾಠ ಮಾಡುವ ಆಸೆ ಬೇಡ. ಅದಿರುವುದು ಫೈಲ್ ಉಳಿಸಿ ಯಂತ್ರ ಆರಿಸುವಷ್ಟು ಹೊತ್ತಿಗೆ. ನೆಟ್‌ವರ್ಕ್ ವಿಷಯಕ್ಕೆ, ದೀಕ್ಷಾ ಆ್ಯಪಿನ ಪಾಠಗಳನ್ನೂ, ಕೊಲೊರಾಡೊ ವಿಶ್ವವಿದ್ಯಾಲಯದ ‘ಫೆಟ್’ ವಿಜ್ಞಾನ ಪ್ರಯೋಗಗಳನ್ನೂ (ಕೆಲವು ಕನ್ನಡದಲ್ಲೂ ಇವೆ) ಬೇಸಿಗೆಯಲ್ಲೇ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಶಿಕ್ಷಕರು ವರ್ಷದ ಪಾಠಹಂಚಿಕೆ ಮಾಡುವಾಗ ಪರದೆ ಬೇಕೇಬೇಕಾದ ಘಟಕಗಳನ್ನು ಜುಲೈಗೆ ಇಡದಿರುವುದೂ ಲೇಸು.

ಪ್ರಶ್ನೆ: ನಮ್ಮ ಶಾಲೆಗೆ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಯರವ ಬುಡಕಟ್ಟಿನ ಮಕ್ಕಳಿಗೆ ಕನ್ನಡ ಮನೆಮಾತಲ್ಲ. ಸ್ಮಾರ್ಟ್ ಕ್ಲಾಸಿನ ಮುಂದೆ ಅವರು ಸುಮ್ಮನೆ ಕುಳಿತಿರುತ್ತಾರೆ. ಈ ಮಕ್ಕಳಿಗೂ ಅದರಿಂದ ಪ್ರಯೋಜನವಿದೆಯೇ?
— ನಲಿಕಲಿ (ಚಟುವಟಿಕೆ ಆಧಾರಿತ ಆರಂಭದ ತರಗತಿಗಳ) ಶಿಕ್ಷಕಿ, ಸಿದ್ದಾಪುರ

ಉತ್ತರ: ದೊಡ್ಡ ಪರದೆಯಿಂದ ಬಹಳ ಇಲ್ಲ, ತಮ್ಮ ಮೊಬೈಲಿನ ಧ್ವನಿಮುದ್ರಕದಿಂದ ಖಂಡಿತ ಇದೆ. ಪರದೆ ಮಾತನಾಡುವುದು ಅರ್ಥವಾಗದ ಭಾಷೆಯನ್ನು, ಅದೂ ತಡೆದು ನಿಲ್ಲಿಸಲಾಗದ ವೇಗದಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರಂಭದ ತರಗತಿಗಳಲ್ಲಿ ಸಾಧ್ಯವಾದೆಡೆ ಮನೆಮಾತಿನಲ್ಲಿ ಕಲಿಸುವಂತೆ ಹೇಳುತ್ತದೆ, ಆದರೆ ಯರವ ಮಾತಿನಲ್ಲಿ ನಲಿಕಲಿ ಕಾರ್ಡುಗಳು ತಮ್ಮ ಕೈಯಲ್ಲಿಲ್ಲ. ಹಾಗಾಗಿ ಮಕ್ಕಳಿಂದಲೇ ಶುರುಮಾಡಿ. ಕಾರ್ಡಿನ ಚಿತ್ರ ತೋರಿಸಿ, ಮಗು ತನ್ನ ಮಾತಿನಲ್ಲಿ ಅದರ ಹೆಸರು ಹೇಳಲಿ, ಮುದ್ರಿಸಿಕೊಳ್ಳಿ. ಅದೇ ಪದವನ್ನು ಕನ್ನಡದಲ್ಲಿ ಮತ್ತೊಂದು ಮಗು ಹೇಳಲಿ. ಎರಡನ್ನೂ ಒಂದರ ಹಿಂದೊಂದು ಕೇಳಿಸಿದಾಗ ಸುಮ್ಮನೆ ಕುಳಿತಿರುತ್ತಿದ್ದ ಮಗುವೇ ಉಳಿದವರಿಗೆ ಉಚ್ಚಾರ ತಿದ್ದತೊಡಗುತ್ತದೆ. ಮೌಖಿಕ ಭಾಷೆಯ ಕಲಿಕಾ ಫಲವನ್ನು ದಾಖಲಿಸಲು ಜೂನಿನ ಮತ್ತು ಫೆಬ್ರುವರಿಯ ಧ್ವನಿಗಳನ್ನು ಅಕ್ಕಪಕ್ಕ ಇಟ್ಟು ಕೇಳುವುದು ಟಿಕ್ ಹಾಕಿದ ನಮೂನೆಗಿಂತ ಹೆಚ್ಚು ಪ್ರಾಮಾಣಿಕ. ಮುದ್ರಿಸುವ ಮೊದಲು ತಂದೆತಾಯಿಗೆ ಒಂದು ಮಾತು ತಿಳಿಸಿ, ಆ ಧ್ವನಿಗಳು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಗದಂತೆ ನೋಡಿಕೊಳ್ಳಿ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಕೆಲವು ಮಕ್ಕಳು ತಂದೆತಾಯಿಯೊಡನೆ ಬೇರೆ ತೋಟಕ್ಕೆ ಹೋಗುತ್ತಾರೆಂಬುದು ತಮಗೇ ಗೊತ್ತು. ಅವರ ಎರಡನೆಯ ಮುದ್ರಣವನ್ನು ಡಿಸೆಂಬರಿಗೆ ಮೊದಲೇ ಮಾಡಿಕೊಳ್ಳಿ.